ಸವೆದ ಮೊಣಕಾಲಿಗೆ ಆಕರಕೋಶಗಳ ಚಿಕಿತ್ಸೆ

ಬಸವನಗುಡಿಯಲ್ಲಿ ದೊಡ್ಡ ಬಸವನ ದರ್ಶನಕ್ಕೆ ಹೋಗುವಾಗ ನಡುವೆ ನಿಂತು ಮೊಣಕಾಲನ್ನು ನೀವಿಕೊಳ್ಳುವ ಹಿರಿಯರನ್ನು ವಾಚಕರು ಕಂಡೇ ಇರಬೇಕು. ವಯಸ್ಸಾಯಿತು ಎಂದು ಹೇಳಿ ಸುಮ್ಮನಾಗುವುದು ವಾಡಿಕೆ. ನಿಜವಾಗಿ ಅಲ್ಲಿ ನಡೆದಿರುವುದೇನು? ಕೀಲಿನಲ್ಲಿ ಎಲುಬುಗಳ ತುದಿಗಳಿಗೆ ಮೃದ್ವಸ್ಥಿಯೆಂಬ ನುಣುಪಾದ ಹೊದಿಕೆಯುಂಟು. ಇದರೊಳಗೆ ರಕ್ತನಾಳಗಳಿಲ್ಲ. ಆದುದರಿಂದಲೇ ಮುರಿದ ಎಲುಬು ಕೂಡಿಕೊಂಡರೂ ಸವೆದ ಮೃದ್ವಸ್ಥಿ ಮೊದಲಿನಂತೆ ಬೆಳೆಯಲಾರದು.

ಅಸ್ಥಿಮಜ್ಜೆಯಲ್ಲಿ ಕೆಲವು ವಿಶಿಷ್ಟ ಜೀವಕೋಶಗಳಿವೆ. ಪ್ರಯೋಗಶಾಲೆಯಲ್ಲಿ ತಕ್ಕ ಪೋಷಕದ್ರವದಲ್ಲಿ ಇವನ್ನು ಬೆಳೆಸಿದರೆ ಎಲುಬಿನ, ಕೊಬ್ಬಿನ, ಮೃದ್ವಸ್ಥಿಯ ಕೋಶಗಳಾಗಿ ಮಾರ್ಪಡುತ್ತವೆ. ಅಮೆರಿಕದ ಆರ್ನಲ್ಡ್ ಕ್ಯಾಪ್ಲನ್ ೧೯೯೧ರಲ್ಲಿ ಇವನ್ನು ಆಕರಕೋಶ, ಅಂದರೆ ಸ್ಟೆಮ್ ಸೆಲ್, ಎಂದು ಕರೆದನು. ಇವನ್ನು ಮೊಣಕಾಲಿಗೆ ಚುಚ್ಚಿದರೆ ಹೊಸ ಮೃದ್ವಸ್ಥಿ ಮೂಡೀತೆಂಬ ಆಸೆ ಹುಟ್ಟಿದ್ದು ಸಹಜವೇ. ಆದರೆ ಹೆಸರಿಟ್ಟ ಅದೇ ವಿಜ್ಞಾನಿ ೨೦೧೭ರಲ್ಲಿ, ಈ ಹೆಸರನ್ನು ಬದಲಿಸಬೇಕೆಂದು ಬರೆದನು! ದೇಹದೊಳಗೆ ಸೇರಿದ ಈ ಕೋಶಗಳು ತಾವೇ ಹೊಸ ಅಂಗಾಂಶವಾಗುವುದಿಲ್ಲ. ಉರಿಯೂತವನ್ನು ತಗ್ಗಿಸುವಂಥ ದ್ರವ್ಯಗಳನ್ನು ಸ್ರವಿಸುತ್ತವೆ ಎಂಬುದು ಅವನ ವಾದ.

ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯು ಆರೋಗ್ಯವಂತ ದಾನಿಗಳ ಮಜ್ಜೆಯಿಂದ ಇಂಥ ಕೋಶಗಳನ್ನು ಬೆಳೆಸಿ ಔಷಧವನ್ನಾಗಿ ಮಾಡಿದೆ. ೨೦೧೬ರಲ್ಲಿ ಪ್ರಕಟವಾದ ಮೊದಲ ಪರೀಕ್ಷೆಯಲ್ಲಿ ೬೦ ರೋಗಿಗಳಿದ್ದರು. ಎರಡೂವರೆ ಕೋಟಿಯಿಂದ ಹದಿನೈದು ಕೋಟಿ ಕೋಶಗಳವರೆಗೆ ನಾಲ್ಕು ಪ್ರಮಾಣಗಳನ್ನು ಕೊಟ್ಟು ನೋಡಿದಾಗ ಕಡಿಮೆಯದೇ ಲೇಸೆಂದು ತೋರಿತು. ಔಷಧ ಹೆಚ್ಚಿದಷ್ಟೂ ಗುಣ ಹೆಚ್ಚೆಂಬ ನಮ್ಮ ನಂಬಿಕೆಗೆ ಇದು ಒಗ್ಗುವ ಮಾತಲ್ಲ. ಆದರೂ ಕೋಶಗಳಿಲ್ಲದ ಹುಸಿಮದ್ದನ್ನು ಪಡೆದವರಿಗಿಂತ ಇವರು ನಿಸ್ಸಂದೇಹವಾಗಿ ಮೇಲೆಂದು ಹೇಳುವಂತಿರಲಿಲ್ಲ. ಮುಂದೆ ೧೪೬ ಮಂದಿಯ ಮೇಲೆ, ಯಾರಿಗೆ ಯಾವುದೆಂದು ರೋಗಿಗೂ ವೈದ್ಯನಿಗೂ ತಿಳಿಯದಂತೆ, ಪರೀಕ್ಷೆ ನಡೆಯಿತು. ಒಂದು ವರ್ಷದ ಕೊನೆಗೆ ಕೋಶಗಳನ್ನು ಪಡೆದವರ ನೋವೂ ಬಿಗಿತವೂ ಹೆಚ್ಚು ತಗ್ಗಿದ್ದುವು. ಮೃದ್ವಸ್ಥಿಯ ಸವೆತ ಮುಂದುವರಿಯಲಿಲ್ಲವೆಂದು ಎಂ.ಆರ್.ಐ. ಚಿತ್ರಗಳು ಸೂಚಿಸಿದುವು. ಸವೆತ ನಿಲ್ಲುವುದು ಬೇರೆ, ಹೊಸದು ಬೆಳೆಯುವುದು ಬೇರೆ. ಜಾಹೀರಾತುಗಳು ಇವೆರಡನ್ನೂ ಕಲಸಿಬಿಡುತ್ತವೆ. ೨೦೨೨ರಲ್ಲಿ ಭಾರತದ ಔಷಧ ನಿಯಂತ್ರಕರು ಈ ಔಷಧಕ್ಕೆ ಅನುಮತಿಯನ್ನಿತ್ತರು.

ಇಷ್ಟರಲ್ಲೇ ಅಮೆರಿಕದಿಂದ ಬೇರೊಂದು ವಾರ್ತೆ ಬಂದಿತು. ೨೦೨೩ರಲ್ಲಿ ಪ್ರಕಟವಾದ, ೪೭೫ ರೋಗಿಗಳ ಪರೀಕ್ಷೆಯಲ್ಲಿ ಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿ ಈ ಮೂರು ಮೂಲಗಳ ಕೋಶಗಳನ್ನು ಸಾಮಾನ್ಯ ಸ್ಟೀರಾಯ್ಡ್ ಚುಚ್ಚುಮದ್ದಿನೊಡನೆ ಹೋಲಿಸಿದರು. ವರ್ಷದ ಕೊನೆಗೆ ಯಾವುದೂ ಅದಕ್ಕಿಂತ ಮೇಲೆನಿಸಲಿಲ್ಲ. ಹಾಗಾದರೆ ಬೆಂಗಳೂರಿನ ಫಲಿತಾಂಶ ಸುಳ್ಳೇ? ಹಾಗೆನ್ನಲಾಗದು. ಅಲ್ಲಿನ ಕೋಶಗಳು ಬೇರೆ, ತಯಾರಿಸಿದ ಕ್ರಮ ಬೇರೆ, ಹೋಲಿಕೆಗೆ ಇಟ್ಟುಕೊಂಡ ಮದ್ದೂ ಬೇರೆ. ಈ ಚಿಕಿತ್ಸೆಯ ದೊಡ್ಡ ತೊಡಕೇ ಇದು. ಗುಳಿಗೆಯೊಂದು ಎಲ್ಲಿ ತಯಾರಾದರೂ ಒಂದೇ. ಜೀವಂತ ಕೋಶಗಳಾದರೋ ದಾನಿಯಿಂದ ದಾನಿಗೆ, ಪ್ರಯೋಗಶಾಲೆಯಿಂದ ಪ್ರಯೋಗಶಾಲೆಗೆ ಬದಲಾಗುತ್ತವೆ. ಆದಕಾರಣ ಒಂದು ತಯಾರಿಕೆಗೆ ದೊರೆತ ಅನುಮತಿಯು, ರೋಗಿಯ ಮಜ್ಜೆಯನ್ನೋ ಕೊಬ್ಬನ್ನೋ ತೆಗೆದು ಅಂದೇ ಚುಚ್ಚುವ ಚಿಕಿತ್ಸಾಲಯಕ್ಕೆ ಸಲ್ಲದು.

ಇನ್ನೊಂದು ಮಾತು. ಬೆಂಗಳೂರಿನ ಪರೀಕ್ಷೆಗೆ ಆರಿಸಿದ್ದು ಸವೆತದ ನಾಲ್ಕು ಹಂತಗಳಲ್ಲಿ ಎರಡನೆಯ ಮತ್ತು ಮೂರನೆಯ ಹಂತದವರನ್ನು. ಮೃದ್ವಸ್ಥಿ ಪೂರ್ಣವಾಗಿ ತೇಯ್ದು ಎಲುಬಿಗೆ ಎಲುಬು ಉಜ್ಜುತ್ತಿರುವ ನಾಲ್ಕನೆಯ ಹಂತದಲ್ಲಿ ವೈದ್ಯರು ಇಂದಿಗೂ ಲೋಹ ಮತ್ತು ಪ್ಲಾಸ್ಟಿಕ್ಕಿನ ಕೃತಕ ಕೀಲನ್ನೇ ಜೋಡಿಸುತ್ತಾರೆ.