ಗಣಕಯಂತ್ರದ ಕಾರ್ಯಾಚರಣಾ ವ್ಯವಸ್ಥೆಯ ಆವೃತ್ತಿಯನ್ನು ತಿಳಿಯುವ ವಿಧಾನ

ಗಣಕಯಂತ್ರದ ಯಂತ್ರಾಂಶವನ್ನೂ ಇತರೆ ಎಲ್ಲಾ ತಂತ್ರಾಂಶಗಳನ್ನೂ ನಿರ್ವಹಿಸುವ ಮೂಲ ತಂತ್ರಾಂಶವೇ ಕಾರ್ಯಾಚರಣಾ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಮ್. ಪ್ರಿಂಟರ್, ಸ್ಕ್ಯಾನರ್ ಅಥವಾ ಡಿಜಿಟಲ್ ಸಹಿಯ ಟೋಕನ್‌ಗೆ ಸಂಬಂಧಿಸಿದ ತಂತ್ರಾಂಶವನ್ನು ಅಳವಡಿಸುವ ಮುನ್ನ ಇದರ ಆವೃತ್ತಿಯನ್ನು ಖಚಿತಪಡಿಸಿಕೊಳ್ಳುವುದು ಅವಶ್ಯಕ. ಯಂತ್ರದ ಮೇಲೆ ಅಂಟಿಸಿರುವ ಚೀಟಿಯನ್ನು ನೋಡಿ ಆವೃತ್ತಿಯನ್ನು ತಿಳಿಸುವ ರೂಢಿ ಬಳಕೆದಾರರಲ್ಲಿ ಉಂಟು. ಆದರೆ ಸದರಿ ಚೀಟಿಯು ಖರೀದಿಯ ಕಾಲದ್ದಾಗಿದ್ದು, ತದನಂತರ ಬೇರೆ ಆವೃತ್ತಿಯನ್ನು ಅಳವಡಿಸಿರುವ ಸಾಧ್ಯತೆ ಇರುವುದರಿಂದ ಅದನ್ನು ಆಧಾರವಾಗಿ ಪರಿಗಣಿಸತಕ್ಕದ್ದಲ್ಲ.

ವಿಂಡೋಸ್ ಹೊಂದಿರುವ ಯಂತ್ರದಲ್ಲಿ, ಕೀಲಿಮಣೆಯ ವಿಂಡೋಸ್ ಚಿಹ್ನೆಯ ಕೀಲಿಯನ್ನು ಒತ್ತಿ ಹಿಡಿದು ಆರ್ ಕೀಲಿಯನ್ನು ಒತ್ತಿದಲ್ಲಿ ರನ್ ಎಂಬ ಚಿಕ್ಕ ಚೌಕಟ್ಟು ತೆರೆಯುತ್ತದೆ. ಅದರಲ್ಲಿ ಡಬ್ಲ್ಯು, ಐ, ಎನ್, ವಿ, ಇ, ಆರ್ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಿಡುವಿಲ್ಲದೆ ಬೆರಳಚ್ಚು ಮಾಡಿ ಎಂಟರ್ ಒತ್ತಬೇಕು. ಕೀಲಿಮಣೆಯು ಕನ್ನಡಕ್ಕೆ ಹೊಂದಿಕೆಯಾಗಿದ್ದಲ್ಲಿ ಮೊದಲು ಇಂಗ್ಲಿಷ್‌ಗೆ ಬದಲಾಯಿಸಿಕೊಳ್ಳುವುದು.

ಪರದೆಯ ಮೇಲೆ ಆವೃತ್ತಿಯ ಸಂಖ್ಯೆಯೊಂದಿಗೆ ಬಿಲ್ಡ್ ಸಂಖ್ಯೆಯೂ ಕಾಣುತ್ತದೆ. ಇವೆರಡನ್ನೂ ಬರೆದಿಟ್ಟುಕೊಳ್ಳುವುದು ಸೂಕ್ತ. ಏಕೆಂದರೆ 22ಎಚ್2 ಎಂಬ ಆವೃತ್ತಿಯು ವಿಂಡೋಸ್ 10ರಲ್ಲಿಯೂ ಇದೆ, ವಿಂಡೋಸ್ 11ರಲ್ಲಿಯೂ ಇದೆ. ಮೊದಲನೆಯದರ ಬಿಲ್ಡ್ ಸಂಖ್ಯೆ 19045, ಎರಡನೆಯದರದು 22621. ಸಾಮಾನ್ಯ ಗಣಕಯಂತ್ರಗಳಲ್ಲಿ ಬಿಲ್ಡ್ ಸಂಖ್ಯೆ 22000 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಅದು ವಿಂಡೋಸ್ 11 ಎಂದು ತಿಳಿಯುವುದು. ವಿಂಡೋಸ್ 11 ಸಹ ತನ್ನೊಳಗೆ 10.0 ಎಂದೇ ಗುರುತಿಸಿಕೊಳ್ಳುವುದು ಗೊಂದಲಕ್ಕೆ ಇನ್ನೊಂದು ಕಾರಣ.

ವ್ಯವಸ್ಥೆಯು 32 ಬಿಟ್‌ನದೋ 64 ಬಿಟ್‌ನದೋ ಎಂಬುದನ್ನು ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಈ ಕ್ರಮದಲ್ಲಿ ತೆರೆದು ಸಿಸ್ಟಮ್ ಟೈಪ್ ಎಂಬಲ್ಲಿ ನೋಡಬಹುದು. ಪ್ರೊಸೆಸರ್ 64 ಬಿಟ್‌ನದಾಗಿದ್ದರೂ ಅದರ ಮೇಲೆ 32 ಬಿಟ್‌ನ ವಿಂಡೋಸ್ ಇರಬಹುದು. ಅಂತಹ ಯಂತ್ರದಲ್ಲಿ 64 ಬಿಟ್‌ನ ತಂತ್ರಾಂಶ ನಡೆಯುವುದಿಲ್ಲ.

ಆವೃತ್ತಿಯನ್ನು ತಿಳಿಯಬೇಕಾದ ಮುಖ್ಯ ಕಾರಣ ಸುರಕ್ಷತೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 8.1ಕ್ಕೆ 2023ರ ಜನವರಿ 10ರಂದು ಹಾಗೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಅಂತ್ಯಗೊಂಡಿದೆ. ವಿಸ್ತೃತ ಭದ್ರತಾ ಯೋಜನೆಗೆ ಒಳಪಟ್ಟ ಯಂತ್ರಗಳ ವಿಷಯ ಬೇರೆ. ಉಳಿದ ಹಳೆಯ ಯಂತ್ರಗಳು ಎಂದಿನಂತೆ ಚಾಲನೆಯಲ್ಲಿರುತ್ತವೆಯಾದರೂ, ಹೊಸದಾಗಿ ಪತ್ತೆಯಾಗುವ ಲೋಪಗಳಿಗೆ ಪರಿಹಾರ ದೊರೆಯುವುದಿಲ್ಲ. ಇಂತಹ ಯಂತ್ರದಿಂದ ಬ್ಯಾಂಕಿನ ವ್ಯವಹಾರ ಮಾಡದಿರುವುದು ಒಳಿತು.

ಲಿನಕ್ಸ್‌ನ ಉಬುಂಟು ಬಳಸುವವರಿಗೆ ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿಯೂ, ಮ್ಯಾಕ್ ಬಳಸುವವರಿಗೆ ಮೇಲ್ತುದಿಯ ಎಡಭಾಗದ ಸೇಬಿನ ಚಿಹ್ನೆಯಡಿ ಇರುವ ಅಬೌಟ್ ದಿಸ್ ಮ್ಯಾಕ್ ಎಂಬಲ್ಲಿಯೂ ಈ ಮಾಹಿತಿ ಲಭ್ಯವಿರುತ್ತದೆ.