ಗಂಟಲಿನಿಂದ ಹೃದಯದವರೆಗೆ: ಸ್ಟ್ರೆಪ್ಟೊಕಾಕಸ್ ಜೀವಾಣುವಿನ ವಿಷಗಳು

ಸೊಲ್ಲಾಪುರದಲ್ಲಿ 1910ರಲ್ಲಿ ಜನಿಸಿದ ಡಾ. ದ್ವಾರಕಾನಾಥ ಕೋಟ್ಣೀಸರು 1938ರಲ್ಲಿ ಭಾರತೀಯ ವೈದ್ಯರ ತಂಡದೊಡನೆ ಚೀನಾಕ್ಕೆ ತೆರಳಿ, ಮುಂದೆ ಅಲ್ಲಿಯ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾದರು. ಯಾರ ಹೆಸರನ್ನು ಆ ಆಸ್ಪತ್ರೆ ಹೊತ್ತಿತ್ತೋ ಆ ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನ್ 1939ರ ನವೆಂಬರಿನಲ್ಲಿ ತೀರಿಕೊಂಡದ್ದು ಗುಂಡೇಟಿನಿಂದಲ್ಲ. ಶಸ್ತ್ರಕ್ರಿಯೆಯ ವೇಳೆ ಬೆರಳಿಗಾದ ಸಣ್ಣ ಗಾಯ ನಂಜೇರಿ, ಆ ನಂಜು ರಕ್ತಕ್ಕೆ ಹರಡಿದ್ದರಿಂದ. ಪೆನಿಸಿಲಿನ್ ಇನ್ನೂ ಬಳಕೆಗೆ ಬಾರದ ಆ ಕಾಲದಲ್ಲಿ ಇಂತಹ ಸಾವುಗಳನ್ನು ತರುತ್ತಿದ್ದ ಜೀವಾಣುಗಳಲ್ಲಿ ಸ್ಟ್ರೆಪ್ಟೊಕಾಕಸ್ ಪ್ರಮುಖವಾದುದು.

ಈ ಹೆಸರನ್ನು 1874ರಲ್ಲಿ ಬಳಕೆಗೆ ತಂದವನು ಶಸ್ತ್ರವೈದ್ಯ ಬಿಲ್‌ರೋತ್. ಗ್ರೀಕಿನಲ್ಲಿ ‘ಸ್ಟ್ರೆಪ್ಟೋಸ್’ ಎಂದರೆ ತಿರುಚಿದ್ದು, ‘ಕೊಕ್ಕೋಸ್’ ಎಂದರೆ ಕಾಳು. ಸೂಕ್ಷ್ಮದರ್ಶಕದಲ್ಲಿ ಇವು ಮಣಿಸರದಂತೆಯೇ ತೋರುತ್ತವೆ.

ಇವುಗಳಲ್ಲಿ ‘ಎ’ ಗುಂಪಿನ ಜೀವಾಣು ಹಲವು ವಿಷಗಳನ್ನು ಸ್ರವಿಸುತ್ತದೆ. ಸ್ಟ್ರೆಪ್ಟೊಲೈಸಿನ್ ಎಂಬುದು ಕೋಶದ ಪೊರೆಯನ್ನು ತೂತುಗೊಳಿಸಿ ರಕ್ತಕಣಗಳನ್ನು ಒಡೆಯುತ್ತದೆ. ಮತ್ತೊಂದು ಬಗೆಯ ವಿಷ ಜ್ವರವನ್ನೂ ಮೈತುಂಬ ಕೆಂಪು ಗಂಧೆಯನ್ನೂ ಎಬ್ಬಿಸುತ್ತದೆ. ಇದೇ ಸ್ಕಾರ್ಲೆಟ್ ಜ್ವರ. ಸೋಜಿಗವೆಂದರೆ, ಈ ವಿಷವನ್ನು ತಯಾರಿಸುವ ಜೀನು ಅನೇಕ ವೇಳೆ ಜೀವಾಣುವಿನ ಸ್ವಂತದ್ದಲ್ಲ. ಅದರೊಳಗೆ ಸೇರಿಕೊಂಡ ವೈರಸ್ಸು ತಂದಿತ್ತದ್ದು. ಇಂತಹ ವಿಷಗಳು ದೇಹದ ರಕ್ಷಣಾಕೋಶಗಳನ್ನು ಒಮ್ಮೆಗೇ ಅಪಾರ ಸಂಖ್ಯೆಯಲ್ಲಿ ಕೆರಳಿಸಬಲ್ಲವು. ಆಗ ರಕ್ತದೊತ್ತಡ ಕುಸಿದು, ಅಂಗಾಂಗಗಳು ಸೋಲುತ್ತವೆ. ಕಾವಲುಗಾರರ ದಂಗೆಯಿಂದಲೇ ಊರು ಹಾಳಾದಂತೆ.

ಇದೇ ಜೀವಾಣು ಚರ್ಮದಲ್ಲಿ ಬೇಗಬೇಗನೆ ಹಬ್ಬುವ ಕೆಂಪು ಬಾವನ್ನೂ ಉಂಟುಮಾಡುತ್ತದೆ. ಆಯುರ್ವೇದದ ‘ವಿಸರ್ಪ’ವನ್ನು ಈ ರೋಗಕ್ಕೆ ಹೋಲಿಸುವುದುಂಟು, ‘ಹರಡುವುದು’ ಎಂಬ ಆ ಪದದ ಅರ್ಥವೇ ರೋಗದ ಲಕ್ಷಣವನ್ನು ಹೇಳುತ್ತದೆ.

ಸಂಧಿವಾತ ಜ್ವರ ಮಾತ್ರ ನೇರವಾಗಿ ವಿಷದಿಂದ ಬರುವುದಲ್ಲ. ಗಂಟಲುನೋವು ಮಾಯವಾದ ಎರಡು ಮೂರು ವಾರಗಳಲ್ಲಿ, ಜೀವಾಣುವಿಗೆಂದು ಸಿದ್ಧವಾದ ರಕ್ಷಣೆಯೇ ಹೋಲಿಕೆಯಿಂದ ಮೋಸಹೋಗಿ ಕೀಲುಗಳ ಮೇಲೂ ಹೃದಯದ ಮೇಲೂ ಎರಗುತ್ತದೆ. ಕೀಲುನೋವು ಶಮನವಾಗುತ್ತದೆ, ಕೆಟ್ಟ ಹೃದಯದ ಕವಾಟ ಬಹುಮಟ್ಟಿಗೆ ಜೀವನಪರ್ಯಂತ ಉಳಿಯುತ್ತದೆ. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ, ಅದರಲ್ಲೂ ಇಕ್ಕಟ್ಟಾದ ಮನೆಗಳಲ್ಲಿ ಬೆಳೆಯುವವರಿಗೆ, ಈ ಅಪಾಯ ಹೆಚ್ಚು.

ಎಲ್ಲ ಗಂಟಲುನೋವೂ ಈ ಜೀವಾಣುವಿನದಲ್ಲ, ಬಹುಪಾಲು ವೈರಸ್ಸಿನದು. ಆದ್ದರಿಂದ ತಾವಾಗಿಯೇ ಮಾತ್ರೆ ನುಂಗುವುದು ತರವಲ್ಲ. ಪರೀಕ್ಷೆಯಿಂದ ಇದೇ ಎಂದು ತಿಳಿದಾಗ ಪೆನಿಸಿಲಿನ್ ಇಂದಿಗೂ ಸಮರ್ಥ ಔಷಧ. ಮಾತ್ರೆಯಾದರೆ ಸಾಮಾನ್ಯವಾಗಿ ಹತ್ತು ದಿನ. ಮೂರನೆಯ ದಿನಕ್ಕೆ ನೋವಿಳಿಯಿತೆಂದು ನಿಲ್ಲಿಸಬಾರದು. ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ ನಾಳೆ ಪಾಠ ಹೇಳಲಿರುವವರು, ಜ್ವರದೊಡನೆ ಗಂಟಲು ಹಿಡಿದುಕೊಂಡು ಕುಳಿತ ಮಗುವನ್ನು ವೈದ್ಯರ ಬಳಿಗೆ ಕಳುಹಿಸಿದರೆ, ಒಂದು ಹೃದಯವನ್ನು ಉಳಿಸಿದಂತಾದೀತು.