ಸಾಕ್ಷಿಗೆ ಕರೆಯದವರು

1965ರಲ್ಲಿ ಆಸ್ಟ್ರೇಲಿಯಾದ ವೇತನ ಆಯೋಗದ ಮುಂದೆ ಒಂದು ದೊಡ್ಡ ವಿಚಾರಣೆ ನಡೆಯಿತು. ನಾರ್ದರ್ನ್ ಟೆರಿಟರಿಯ ದನದ ಫಾರ್ಮುಗಳಲ್ಲಿ ದುಡಿಯುವ ಮೂಲನಿವಾಸಿಗಳಿಗೂ ಬಿಳಿಯರಷ್ಟೇ ಕೂಲಿ ಸಿಗಬೇಕು ಎಂದು ಅರ್ಜಿ ಹಾಕಿದ್ದು ಡಾರ್ವಿನ್ನಿನ ಕಾರ್ಮಿಕ ಸಂಘ, ನಾರ್ತ್ ಆಸ್ಟ್ರೇಲಿಯನ್ ವರ್ಕರ್ಸ್ ಯೂನಿಯನ್. ಮಾಲೀಕರ ಪರ ನಿಂತವರು ಮುಂದೆ ದೇಶದ ಗವರ್ನರ್ ಜನರಲ್ ಆದ ವಕೀಲ ಜಾನ್ ಕೆರ್. ಈ ಜನರ ಕೆಲಸ ಬಿಳಿಯರ ಕೆಲಸಕ್ಕೆ ಸಮವಲ್ಲ ಎನ್ನಲು ಮಾಲೀಕರ ಕಡೆಯಿಂದ ಸಾಲುಸಾಲು ಸಾಕ್ಷಿಗಳು ಬಂದರು. ಯಾರ ಬಗ್ಗೆ ಅಷ್ಟೆಲ್ಲ ವಾದ ನಡೆಯಿತೋ ಅವರಲ್ಲಿ ಒಬ್ಬರನ್ನೂ ಯಾರೂ ಸಾಕ್ಷಿಗೆ ಕರೆಯಲಿಲ್ಲ. ಅವರ ಪರ ಹೋರಾಡಿದ ಸಂಘವೂ ಕರೆಯಲಿಲ್ಲ.

1966ರ ಮಾರ್ಚ್‌ನಲ್ಲಿ ಸಂಘ ಗೆದ್ದಿತು. ಆದರೆ ಸಮಾನ ಕೂಲಿ ಜಾರಿಗೆ ಬರುವುದು 1968ರ ಡಿಸೆಂಬರ್‌ನಿಂದ ಎಂದು ಆಯೋಗ ಮುಂದೂಡಿತು. ಜಾರಿಯಾದ ಮೇಲೆ ಎಷ್ಟೋ ಫಾರ್ಮುಗಳಲ್ಲಿ ಮೂಲನಿವಾಸಿಗಳನ್ನು ಕೆಲಸದಿಂದ ಬಿಡಿಸಿದರು. ಅವರು ಇದ್ದದ್ದೂ ಅಲ್ಲೇ ಆದ್ದರಿಂದ ಕೆಲಸದ ಹಿಂದೆಯೇ ನೆಲೆಯೂ ಹೋಯಿತು. ಅದು ತಲೆತಲಾಂತರದಿಂದ ಅವರದೇ ಆಗಿದ್ದ ನೆಲ. ಸಂಘ ಮೊದಲೇ ಅವರನ್ನು ಕೂರಿಸಿಕೊಂಡು ಕೇಳಿದ್ದರೆ ಕೂಲಿಗಿಂತ ಮುಂಚೆ ನೆಲದ ಮಾತು ಬರುತ್ತಿತ್ತು ಎಂಬುದು ನನ್ನ ದೃಢವಾದ ನಂಬಿಕೆ. ಅದಕ್ಕೆ ವೇವ್ ಹಿಲ್‌ನ ಆಧಾರವಿದೆ.

ವೇವ್ ಹಿಲ್ ಆಗ ಇಂಗ್ಲೆಂಡಿನ ವೆಸ್ಟಿ ಮನೆತನದ ಫಾರ್ಮಾಗಿತ್ತು. ಅಲ್ಲಿ ದನ ಕಾಯುತ್ತಿದ್ದವರು, ಮನೆಗೆಲಸ ಮಾಡುತ್ತಿದ್ದವರು ಹೆಚ್ಚಾಗಿ ಗುರಿಂಜಿ ಜನ. ಅವರ ಮುಖಂಡ ವಿನ್ಸೆಂಟ್ ಲಿಂಗಿಯಾರಿ ಹೇಸರಗತ್ತೆ ಒದ್ದು ಗಾಯಗೊಂಡು ಡಾರ್ವಿನ್ನಿನ ಆಸ್ಪತ್ರೆ ಸೇರಿದ್ದಾಗ, ಡೆಕ್ಸ್ಟರ್ ಡೇನಿಯಲ್ಸ್ ಎಂಬಾತನ ಭೇಟಿಯಾಯಿತು. ಡೇನಿಯಲ್ಸ್ ಅದೇ ಯೂನಿಯನ್ನಿನ ಸಂಘಟಕ, ಸ್ವತಃ ಮೂಲನಿವಾಸಿ. ನಿಯೋಗಗಳು, ಅರ್ಜಿಗಳು ಮಾಡಲಾಗದ್ದನ್ನು ತಮ್ಮವನೊಬ್ಬನ ಜೊತೆ ಆಡಿದ ಮಾತು ಮಾಡಿತು. 1966ರ ಆಗಸ್ಟ್ 23ರಂದು ಸುಮಾರು 200 ಜನ, ಹೆಂಗಸರು ಮಕ್ಕಳ ಸಮೇತ, ಕೆಲಸ ಬಿಟ್ಟು ಹೊರಗೆ ನಡೆದರು. ಯೂನಿಯನ್ನಿನವರೂ ಪತ್ರಿಕೆಯವರೂ ಅದನ್ನು ಕೂಲಿಯ ಮುಷ್ಕರ ಎಂದೇ ತಿಳಿದರು. 1967ರಲ್ಲಿ ಗುರಿಂಜಿಗಳು ದಗುರಾಗು ಎಂಬಲ್ಲಿ ಬೀಡುಬಿಟ್ಟು, ನಮ್ಮ ನೆಲ ನಮಗೆ ಕೊಡಿ ಎಂದು ಗವರ್ನರ್ ಜನರಲ್‌ಗೆ ಮನವಿ ಬರೆಸಿ ಹೆಬ್ಬೆಟ್ಟು ಒತ್ತಿದರು. ಸರ್ಕಾರ ಒಪ್ಪಲಿಲ್ಲ, ಅವರೂ ಕದಲಲಿಲ್ಲ. 1975ರ ಆಗಸ್ಟ್ 16ರಂದು ಪ್ರಧಾನಿ ಗೌ ವಿಟ್ಲಮ್ ಬಂದು ಲಿಂಗಿಯಾರಿಯ ಅಂಗೈಗೆ ಮಣ್ಣು ಸುರಿದು, 3,000 ಚದರ ಕಿಲೋಮೀಟರಿಗೂ ಹೆಚ್ಚು ಭೂಮಿಯನ್ನು ಗುತ್ತಿಗೆಗೆ ಬಿಟ್ಟುಕೊಟ್ಟರು.

ನಾನು ಕೊಡಗಿನ ಸಿದ್ದಾಪುರದ ಕಡೆಯವಳು. ಕಾಫಿ ತೋಟದ ಲೈನ್ ಮನೆಗಳಲ್ಲಿ ಯರವರು, ಜೇನುಕುರುಬರು ಬದುಕುವುದನ್ನು ನೋಡುತ್ತಲೇ ದೊಡ್ಡವಳಾದೆ. ತೋಟದ ಕೆಲಸ ಬಿಟ್ಟರೆ ಸೂರೂ ಬಿಡಬೇಕು. 2016ರಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡು, ಅದನ್ನೂ ಕೆಡವಿಸಿಕೊಂಡವರಲ್ಲಿ ಲೈನ್ ಮನೆಯಿಂದ ಎದ್ದು ಬಂದವರು ಬಹಳ ಮಂದಿ. ಹಾಗಾಗಿ ಗುರಿಂಜಿಗಳು ಕೂಲಿಯನ್ನು ಬಿಟ್ಟು ನೆಲವನ್ನು ಏಕೆ ಹಿಡಿದರು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಈಗ ಡಾರ್ವಿನ್ನಿನ ಒಂದು ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ ಮಾಡುತ್ತೇನೆ. ನಮ್ಮ ಪಾಳಿಯಲ್ಲಿ ಕೇರಳದವರು, ನೇಪಾಳದವರು, ಫಿಲಿಪ್ಪೀನ್ಸಿನವರು ಇದ್ದಾರೆ. ಸಂಘದಲ್ಲಿ ನಾನು ಡೆಲಿಗೇಟ್. ನನ್ನ ಜೊತೆ ಕೆಲಸ ಮಾಡುವ ಗುರಿಂಜಿ ಹೆಂಗಸೊಬ್ಬರಿದ್ದಾರೆ. ವಯಸ್ಸಿಗೆ ಮರ್ಯಾದೆ ಕೊಟ್ಟು ಎಲ್ಲರೂ ಅವರನ್ನು ಆಂಟಿ ಎನ್ನುತ್ತೇವೆ. ಅವರ ಊರು ಕಲ್ಕರಿಂಜಿ, ಇಲ್ಲಿಂದ ದಕ್ಷಿಣಕ್ಕೆ ಸುಮಾರು 800 ಕಿಲೋಮೀಟರ್.

ಇಲ್ಲಿ ಸಭೆ ಶುರುವಾಗುವ ಮುಂಚೆ ಆ ನೆಲದ ಮೂಲ ಒಡೆಯರನ್ನು ನೆನೆಯುವ ಪದ್ಧತಿಯಿದೆ. ನೆನೆಯುವುದು ಯಾರು ಬೇಕಾದರೂ ಮಾಡಬಹುದು. ಸ್ವಾಗತ ಹೇಳುವ ಹಕ್ಕು ಮಾತ್ರ ಆ ನೆಲದವರದ್ದು. ನಮ್ಮ ಶಾಖೆಯ ವಾರ್ಷಿಕ ಸಭೆಯಲ್ಲಿ ಪದಾಧಿಕಾರಿಯೊಬ್ಬರು ಮೈಕನ್ನು ಸೀದಾ ಆಂಟಿಯ ಕೈಗೆ ಕೊಟ್ಟು, ನೀವೇ ಎಲ್ಲರನ್ನೂ ಸ್ವಾಗತಿಸಿ ಎಂದರು. ಆಂಟಿ ಎದ್ದು ನಿಂತರು. "ಇದು ಲರಾಕಿಯಾ ಜನರ ನೆಲ. ಇಲ್ಲಿ ನಾನೂ ನಿಮ್ಮ ಹಾಗೆ ಬಂದವಳು. ಇನ್ನೊಬ್ಬರ ಮನೆಗೆ ನಾನು ಹೇಗೆ ಸ್ವಾಗತ ಹೇಳಲಿ?" ಎಂದರು. ಮೈಕ್ ವಾಪಸ್ ಕೊಡುವ ಮುಂಚೆ ಇನ್ನೊಂದು ಮಾತು ಸೇರಿಸಿದರು: "ಸಭೆ ಶುರು ಮಾಡೋಕೆ ಪ್ರತಿಸಲ ನನ್ನನ್ನೇ ಹುಡುಕ್ತೀರಿ. ಸಂಬಳದ ಮಾತುಕತೆಗೆ ಕೂರೋ ಸಮಿತಿಗೆ ಯಾವತ್ತೂ ಕರೆದಿಲ್ಲ." ಅದು ಕೋಪದಲ್ಲಿ ಆಡಿದ ಮಾತಾಗಿರಲಿಲ್ಲ. ಸಭೆಯಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಮೂಲನಿವಾಸಿಗಳ ಸಂಸ್ಕೃತಿಯ ಅರಿವು ಮೂಡಿಸಲು ಅರ್ಧ ದಿನದ ತರಬೇತಿ ಇಲ್ಲಿ ಹಲವು ಕಡೆ ಉಂಟು. ಅದು ಬೇಕು, ಕಲಿಯುವುದೂ ಇದೆ. ತೀರಿಕೊಂಡವರ ಹೆಸರನ್ನು ಕುಟುಂಬದವರ ಮುಂದೆ ಹೇಳಬಾರದು, ಅವರ ಫೋಟೊವನ್ನು ಕೇಳದೆ ಸಂಘದ ಪತ್ರಿಕೆಯಲ್ಲಿ ಹಾಕಬಾರದು ಎಂಬುದೆಲ್ಲ ಗೊತ್ತಿರದಿದ್ದರೆ ಜನರಿಗೆ ನೋವಾಗುತ್ತದೆ. ಆದರೆ ಆ ತಿಳಿವಳಿಕೆ ಒಪ್ಪಂದದ ಕಾಗದಕ್ಕೆ ಇಳಿಯದೆ ಹೋದರೆ ಕೆಲಸಗಾರರಿಗೆ ಏನು ಸಿಕ್ಕ ಹಾಗಾಯಿತು?

ರಜೆಯನ್ನೇ ತೆಗೆದುಕೊಳ್ಳಿ. ಸಾವಾದಾಗ ಕಾಯಂ ನೌಕರರಿಗೆ ಕಾನೂನು ಕೊಡುವ ಸಂಬಳದ ರಜೆ 2 ದಿನ. ಗಂಡ ಹೆಂಡತಿ, ಹೆತ್ತವರು, ಮಕ್ಕಳು, ಅಜ್ಜ ಅಜ್ಜಿ, ಮೊಮ್ಮಕ್ಕಳು, ಒಡಹುಟ್ಟಿದವರು, ಜೊತೆಗೆ ಒಂದೇ ಮನೆಯಲ್ಲಿ ಇರುವವರು ಇದರೊಳಗೆ ಬರುತ್ತಾರೆ. ಗುರಿಂಜಿಗಳಲ್ಲಿ ತಾಯಿಯ ಅಕ್ಕತಂಗಿಯರೆಲ್ಲ ತಾಯಂದಿರೇ, ಅವರ ಮಕ್ಕಳೆಲ್ಲ ಒಡಹುಟ್ಟಿದವರೇ. ನಮ್ಮ ಕಡೆಯ ದೊಡ್ಡಮ್ಮ ಚಿಕ್ಕಮ್ಮಂದಿರ ಸಂಬಂಧ ಗೊತ್ತಿರುವ ಯಾರಿಗೂ ಇದು ವಿಚಿತ್ರ ಎನಿಸುವುದಿಲ್ಲ. ಆಂಟಿಯನ್ನು ಎತ್ತಿ ಆಡಿಸಿದ ಚಿಕ್ಕಮ್ಮ ತೀರಿಕೊಂಡಾಗ, ಆಕೆ ನಿಮ್ಮ ತಾಯಿಯಲ್ಲವಲ್ಲ ಎಂಬ ಉತ್ತರ ಕಚೇರಿಯಿಂದ ಬಂತು. ಮೂಲನಿವಾಸಿಗಳ ಸಂಪ್ರದಾಯದ ವಿಧಿಗಳಿಗೆಂದು ನಮ್ಮ ಕೆಲಸದ ಅವಾರ್ಡ್‌ನಲ್ಲಿ, ಅಂದರೆ ಈ ವೃತ್ತಿಯ ಕನಿಷ್ಠ ಸಂಬಳ, ರಜೆಗಳನ್ನು ಗೊತ್ತುಮಾಡುವ ಆದೇಶದಲ್ಲಿ, ವರ್ಷಕ್ಕೆ 10 ದಿನದವರೆಗೆ ಬೇರೆ ರಜೆ ಇದೆ, ಆದರೆ ಅದಕ್ಕೆ ಸಂಬಳವಿಲ್ಲ, ಮಾಲೀಕರ ಒಪ್ಪಿಗೆಯೂ ಬೇಕು. ದೂರದೂರದ ನೆಂಟರೆಲ್ಲ ಸೇರುವವರೆಗೆ ಮಣ್ಣು ಮಾಡುವುದಿಲ್ಲವಾದ್ದರಿಂದ ವಾರಗಟ್ಟಲೆ ಕಾಯಬೇಕಾಗುತ್ತದೆ. ಮಳೆಗಾಲದಲ್ಲಿ ಹೊಳೆ ಏರಿದರೆ ರಸ್ತೆಯೇ ಇರುವುದಿಲ್ಲ. ಸಾವಿನ ಸುದ್ದಿಗೆ ಒಂದು ಸಲ, ಮಣ್ಣಿಗೆ ಇನ್ನೊಂದು ಸಲ ಹೋಗಬೇಕು ಎಂಬ ಸಂಗತಿ ನಮ್ಮ ಸಮಿತಿಯ ಯಾರ ತಲೆಗೂ ಹೊಳೆದಿರಲಿಲ್ಲ. ಅದನ್ನು ಬಲ್ಲವರು ಆ ಮೇಜಿನ ಸುತ್ತ ಇರಲಿಲ್ಲ.

ದೊಡ್ಡ ಮಟ್ಟದಲ್ಲಿ ಒಂದಿಷ್ಟು ಬದಲಾವಣೆ ಆಗಿದೆ. ದೂರದ ಹಳ್ಳಿಗಳಲ್ಲಿ ನಿರುದ್ಯೋಗ ಭತ್ಯೆಗಾಗಿ ವಾರಕ್ಕೆ 25 ಗಂಟೆ ದುಡಿಯಬೇಕಿದ್ದ ಜನರನ್ನು ಕಾನೂನು ಕಾರ್ಮಿಕರೆಂದೇ ಎಣಿಸುತ್ತಿರಲಿಲ್ಲ. ಅವರಲ್ಲಿ ಬಹುಪಾಲು ಮೂಲನಿವಾಸಿಗಳು. ಅವರನ್ನು ಸಂಘಟಿಸಲು ರಾಷ್ಟ್ರಮಟ್ಟದ ಕಾರ್ಮಿಕ ಒಕ್ಕೂಟ 2017ರಲ್ಲಿ ಫಸ್ಟ್ ನೇಷನ್ಸ್ ವರ್ಕರ್ಸ್ ಅಲಯನ್ಸ್ ಕಟ್ಟಿತು. 2021ರಲ್ಲಿ ಆ ಕಡ್ಡಾಯ ನಿಂತಿತು.

ನಮ್ಮ ಶಾಖೆಯಲ್ಲಿ ವೇತನ ಸಮಿತಿಗೆ ಮೂಲನಿವಾಸಿ ಸದಸ್ಯರು ತಾವೇ ಆರಿಸಿದ ಇಬ್ಬರು ಇರಬೇಕೆಂಬ ಠರಾವನ್ನು ನಾನು ಮಂಡಿಸಿದೆ. ಆಂಟಿ ಅನುಮೋದಿಸಿದರು. ಠರಾವು ಪಾಸಾಯಿತು. ಈ ಸಲದ ಬೇಡಿಕೆಪಟ್ಟಿಯಲ್ಲಿ ರಜೆಯ ಪುಟವನ್ನು ಅವರಿಬ್ಬರೇ ಕೂತು ಬರೆದಿದ್ದಾರೆ. ಕುಟುಂಬವೆಂದರೆ ಯಾರು ಯಾರು ಎಂಬ ವಿವರಣೆಯನ್ನು ಮಾಲೀಕರು ಒಪ್ಪಿದ್ದಾರೆ. ಮಣ್ಣಿಗೆ ಹೋಗಲು ಸಂಬಳದ ರಜೆ ಎಷ್ಟು ದಿನ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ಮಾತುಕತೆಗೆ ಆಂಟಿ ಹೋಗುವ ದಿನ ಅವರ ಪಾಳಿಯನ್ನು ನಾನು ಮಾಡುತ್ತೇನೆ.